ಕತ್ತಿಗೆ ಸಮುರಾಯ್ ಬೇಕು, ಕ್ಷೌರಿಕ ಬೇಡ

ನನ್ನ ಹತ್ರ ಒಂಬತ್ತು ಕ್ಷೌರದ ಕತ್ತಿಗಳಿವೆ. ಮೊದಲ ಸಲ ಅಮ್ಮನಿಗೆ ಇದನ್ನ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ನಿನ್ನ ಇಂಜಿನಿಯರಿಂಗ್ ಓದ್ಸಿದ್ದು ಇದಕ್ಕೇನೋ?" ಅಂದ್ರು. ಅಪ್ಪ ಪಕ್ಕದಲ್ಲೇ ಕೂತಿದ್ದವರು "ಮನೆಯೊಳಗೇ ಇಟ್ಕೊಂಡಿದ್ದೀಯಾ?" ಅಂತ ಕೇಳಿದ್ರು. ಅಮ್ಮನ ಪ್ರಶ್ನೆಗೆ ನಗು ಬಂತು. ಅಪ್ಪನ ಪ್ರಶ್ನೆ ಮಾತ್ರ ತಲೆಯಲ್ಲಿ ಉಳ್ಕೊಂಡುಬಿಡ್ತು. ಈ ಬರಹ ಹೆಚ್ಚುಕಮ್ಮಿ ಆ ಪ್ರಶ್ನೆ ಬಗ್ಗೆನೇ. ಆದ್ರೆ ಅಲ್ಲಿಗೆ ಹೋಗೋ ಮೊದಲು ಜಪಾನ್ ಸುತ್ತಿಕೊಂಡು ಬರಬೇಕು.

ಒಂಬತ್ತರಲ್ಲಿ ಎಂಟು ಜಪಾನಿನವು. ಜಪಾನೀಯರು ಇದನ್ನ ಕಮಿಸೋರಿ ಅಂತಾರೆ. ಕಮಿ ಅಂದ್ರೆ ಕೂದಲು, ಸೋರಿ ಅಂದ್ರೆ ಬೋಳಿಸೋದು. (ಕನ್ನಡದವರು ಈ ಹೆಸರು ಕೇಳಿ ಮೊದಲು ನಗ್ತಾರೆ, ಪರವಾಗಿಲ್ಲ, ನಾನೂ ನಕ್ಕಿದ್ದೆ.) ನಮ್ಮೂರಿನ ಸಲೂನಿನಲ್ಲಿ ಕಾಣೋ ಮಡಚೋ ಕತ್ತಿ ಥರ ಅಲ್ಲ ಇದು. ಮಡಚೋದಿಲ್ಲ, ಕೀಲಿಲ್ಲ, ಮೂಳೆಯ ಹಿಡಿಯಿಲ್ಲ. ಒಂದೇ ಲೋಹದ ತುಂಡು, ಮುಂದೆ ಅಲಗು, ಹಿಂದೆ ಸಪೂರವಾದ ಬಾಲ. ಆ ಬಾಲಕ್ಕೆ ಬೆತ್ತದ ಸೀಳು ಅಥವಾ ದಾರ ಸುತ್ತಿರ್ತಾರೆ. ಅಷ್ಟೇ. ನೋಡಿದರೆ ಯಾವುದೋ ಚಮ್ಮಾರರ ಉಳಿ ಅನ್ನಿಸುತ್ತೆ.

ವಿಶೇಷ ಇರೋದು ಎರಡು ಕಡೆ. ಒಂದು, ಇದರ ಎರಡು ಮುಖಗಳೂ ಒಂದೇ ಥರ ಇರೋದಿಲ್ಲ. ಒಂದು ಬದಿಯ ಗುಳಿ ಒಂದು ರೀತಿ, ಇನ್ನೊಂದು ಬದಿಯದ್ದು ಇನ್ನೊಂದು ರೀತಿ. ಮಸೆಯುವಾಗ್ಲೂ ಎರಡು ಬದಿಗೆ ಸಮಸಮ ಎಳೆಯೋ ಹಾಗಿಲ್ಲ, ಒಂದು ಬದಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಸಾಂಪ್ರದಾಯಿಕ ರೀತಿಯಲ್ಲಿ ಚರ್ಮಕ್ಕೆ ತಾಗೋದೂ ಯಾವಾಗಲೂ ಒಂದೇ ಮುಖ. ಎದುರು ಕೂತವರಿಗೆ ಕ್ಷೌರ ಮಾಡುವಾಗ ಇದು ಸಲೀಸು. ಕನ್ನಡಿ ಮುಂದೆ ನಿಂತು ನಮಗೆ ನಾವೇ ಮಾಡ್ಕೊಳ್ಳೋವಾಗ ಎಡಗೆನ್ನೆಗೊಂದು ಕೈ, ಬಲಗೆನ್ನೆಗೊಂದು ಕೈ ಅಂತ ಸರ್ಕಸ್ ಮಾಡಬೇಕು. ಅಂದ್ರೆ ಇದು ಒಬ್ಬರು ಇನ್ನೊಬ್ಬರಿಗೆ ಮಾಡೋಕೆ ಅಂತ ಹುಟ್ಟಿದ ಸಾಮಾನು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡನೇದು, ಇಡೀ ಕತ್ತಿ ಉಕ್ಕಿನದ್ದಲ್ಲ. ಬಹುಪಾಲು ಮೆತ್ತನೆ ಕಬ್ಬಿಣ. ಅಲಗಿನ ಕಡೆ ಮಾತ್ರ ತೆಳುವಾಗಿ ಗಡಸು ಉಕ್ಕನ್ನ ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆದಿರ್ತಾರೆ. ಕಬ್ಬಿಣಕ್ಕೆ ಜಿಗಾನೆ, ಉಕ್ಕಿಗೆ ಹಗಾನೆ ಅಂತ ಹೆಸರು. ಗಡಸು ಉಕ್ಕು ಹರಿತ ಹಿಡಿದುಕೊಳ್ಳುತ್ತೆ, ಆದ್ರೆ ಗಾಜಿನ ಹಾಗೆ, ಕೆಳಗೆ ಬಿದ್ದರೆ ಹೋಯ್ತು. ಮೆತ್ತನೆ ಕಬ್ಬಿಣ ಅದನ್ನ ಬೆನ್ನಿಗೆ ನಿಂತು ಕಾಯುತ್ತೆ. ಜೊತೆಗೆ ಸಾಣೆಕಲ್ಲಿನ ಮೇಲೆ ಸವೆಸಬೇಕಾದ ಗಡಸು ಉಕ್ಕು ಸ್ವಲ್ಪವೇ ಇರೋದ್ರಿಂದ ಮಸೆಯೋದೂ ಸುಲಭ. ದಿನಾ ಬೆಳಿಗ್ಗೆ ಹತ್ತು ಜನಕ್ಕೆ ಕ್ಷೌರ ಮಾಡೋನಿಗೆ ಇದು ಎಷ್ಟು ದೊಡ್ಡ ಉಪಕಾರ ಯೋಚಿಸಿ. ನಾನು ದಿನವಿಡೀ ಬರೆಯೋ ಕೋಡ್ ಮುಂದಿನ ರಿಲೀಸಿಗೆ ಕಸದ ಬುಟ್ಟಿ ಸೇರುತ್ತೆ. ಇದನ್ನ ಬಡಿದವನ ತಲೆ ಮುಂದೆ ಕೈ ಮುಗಿಯಬೇಕು ಅನ್ನಿಸೋದು ಸಹಜ ತಾನೇ?

ನಾನಿರೋದು ಡ್ಯುಸೆಲ್‌ಡಾರ್ಫಿನಲ್ಲಿ. ಎಸ್-1 ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಜೋಲಿಂಗೆನ್. ಜರ್ಮನಿಯ ಕತ್ತಿ-ಚಾಕುಗಳ ಊರು. ಆ ಊರಿನ ಹೆಸರನ್ನ ಅಲ್ಲಿ ಮಾಡಿದ ಅಲಗುಗಳ ಮೇಲೆ ಬಿಟ್ಟು ಬೇರೆಲ್ಲೂ ಹಾಕಬಾರದು ಅಂತ 1938ರಿಂದಲೇ ಕಾನೂನಿದೆ. ಗ್ರೇಫ್ರಾತ್ ಅನ್ನೋ ಭಾಗದಲ್ಲಿ ಒಂದು ಹಳೇ ಕ್ರೈಸ್ತ ಮಠದ ಕಟ್ಟಡದಲ್ಲಿ ಅಲಗುಗಳ ಮ್ಯೂಸಿಯಮ್ ಕೂಡ ಇದೆ. ನನ್ನ ಮೊದಲ ಕತ್ತಿ ಅಲ್ಲಿಯದ್ದೇ, ಕೆನ್ನೆ ತುಂಬ ಗುಳ್ಳೆ ಏಳ್ತಿತ್ತು ಅಂತ ಒಬ್ಬ ಸಹೋದ್ಯೋಗಿ ಹೇಳಿಕೊಟ್ಟು ಕೊಂಡಿದ್ದು. ಗುಳ್ಳೆ ಹೋಯ್ತು, ಹುಚ್ಚು ಉಳೀತು. ಡ್ಯುಸೆಲ್‌ಡಾರ್ಫಿನಲ್ಲಿ ಜಪಾನೀಯರು ಸಾವಿರಗಟ್ಟಲೆ ಇದ್ದಾರೆ. ಇಮ್ಮರ್‌ಮನ್ ಬೀದಿಯಲ್ಲಿ ನಡೆದರೆ ಅಂಗಡಿ ಬೋರ್ಡುಗಳೆಲ್ಲ ಜಪಾನಿಯಲ್ಲಿ. ಅಲ್ಲಿ ಅಡುಗೆ ಚಾಕು ನೋಡ್ತಾ ನೋಡ್ತಾ ಕಮಿಸೋರಿ ಕಡೆಗೆ ಜಾರಿದೆ.

ಈಗ ವಿಷಯಕ್ಕೆ ಬರ್ತೀನಿ. ಕಮಿಸೋರಿ ಸಂಗ್ರಹ ಮಾಡೋವ್ರ ಪ್ರಪಂಚ ಒಂದಿದೆ. ಅದರಲ್ಲಿ ಕತ್ತಿಯ ಬೆಲೆ ನಿಗದಿಯಾಗೋದು ಅದು ಹೇಗೆ ಬೋಳಿಸುತ್ತೆ ಅನ್ನೋದರ ಮೇಲಲ್ಲ, ಅದರ ಸುತ್ತ ಎಂಥ ಕಥೆ ಇದೆ ಅನ್ನೋದರ ಮೇಲೆ. ಕಥೆ ಯಾವಾಗಲೂ ಒಂದೇ: ಸಮುರಾಯ್. 1876ರಲ್ಲಿ ಮೇಜಿ ಸರ್ಕಾರ ಖಡ್ಗ ಧರಿಸೋದನ್ನ ನಿಷೇಧಿಸಿತು. ಖಡ್ಗ ಮಾಡೋ ಕಮ್ಮಾರರಿಗೆ ಕೆಲಸ ಹೋಯ್ತು. ಅವರೆಲ್ಲ ಚಾಕು, ಕತ್ತರಿ, ಕ್ಷೌರದ ಕತ್ತಿ ಮಾಡೋಕೆ ಇಳಿದರು. ಆದ್ದರಿಂದ ನಿಮ್ಮ ಕೈಯಲ್ಲಿರೋದು ಕ್ಷೌರದ ಕತ್ತಿಯಲ್ಲ, ಸಮುರಾಯ್ ಖಡ್ಗದ ಮರಿ. ಇದನ್ನ ಕೇಳಿದ ಕೂಡಲೇ ನಮ್ಮಂಥ ಆಫೀಸಿನ ಕುರ್ಚಿಯವರಿಗೆ ಮೈ ಜುಂ ಅನ್ನುತ್ತೆ, ಪರ್ಸು ತಾನಾಗೇ ತೆರೆದುಕೊಳ್ಳುತ್ತೆ.

ನಿಷೇಧ ಆಗಿದ್ದು ನಿಜ, ಕೆಲವರು ಬೇರೆ ಕೆಲಸಕ್ಕೆ ಇಳಿದಿದ್ದೂ ನಿಜ. ಆದ್ರೆ ಒಂದ್ನಿಮಿಷ ಯೋಚಿಸಿ. ಅದಕ್ಕಿಂತ ಮುಂಚೆ ಎದೋ ಕಾಲದಲ್ಲಿ ಜಪಾನಿನ ಗಂಡಸರು ನೆತ್ತಿಯ ಮುಂಭಾಗ ಪೂರ್ತಿ ಬೋಳಿಸಿ ಹಿಂದೆ ಜುಟ್ಟು ಕಟ್ಟುತ್ತಿದ್ದರು. ಸಮುರಾಯ್ ಮಾತ್ರ ಅಲ್ಲ, ಅಂಗಡಿಯವನು, ಬಡಗಿ, ಎಲ್ಲರೂ. ಅಷ್ಟು ತಲೆಗಳನ್ನ ಯಾವುದರಲ್ಲಿ ಬೋಳಿಸ್ತಿದ್ದರು? ಕಮಿಸೋರಿಯಲ್ಲೇ. ಅಂದ್ರೆ ಕ್ಷೌರದ ಕತ್ತಿ ಮಾಡೋ ಕಮ್ಮಾರರು ಮೊದಲಿಂದಲೂ ಇದ್ದರು, ಖಡ್ಗದ ಕಮ್ಮಾರರು ಬಂದು ಇದನ್ನೇನೂ ಕಂಡುಹಿಡಿಯಲಿಲ್ಲ. ಇನ್ನೂ ತಮಾಷೆ ಅಂದ್ರೆ, 1871ರಲ್ಲಿ ಸರ್ಕಾರ ಜುಟ್ಟು ಕತ್ತರಿಸಿಕೊಳ್ಳಬಹುದು ಅಂತ ಆದೇಶ ಹೊರಡಿಸಿತು, 1873ರಲ್ಲಿ ಚಕ್ರವರ್ತಿಯೇ ಕತ್ತರಿಸಿಕೊಂಡ. ನೆತ್ತಿ ಬೋಳಿಸೋ ಪದ್ಧತಿಯೇ ಹೊರಟುಹೋಗ್ತಿದ್ದ ಹೊತ್ತಿನಲ್ಲಿ ಖಡ್ಗದವರೆಲ್ಲ ಬಂದು ಕ್ಷೌರದ ಕತ್ತಿ ಮಾಡಿ ಬದುಕಿಕೊಂಡರು ಅಂತ ನಾವು ನಂಬಬೇಕು!

ಕಮಿಸೋರಿ ಸಂಗ್ರಹಕಾರರು ಭಕ್ತಿಯಿಂದ ಹೇಳೋ ಊರು ನೀಗಾತಾ ಪ್ರಾಂತ್ಯದ ಸಾಂಜೋ. ಆ ಊರಿನ ಕಮ್ಮಾರಿಕೆ ಶುರುವಾಗಿದ್ದು ಹೇಗೆ ಗೊತ್ತಾ? ಮೊಳೆಯಿಂದ. ಹದಿನೇಳನೇ ಶತಮಾನದಲ್ಲಿ ಅಲ್ಲಿನ ರೈತರು ಉಪಕಸುಬಾಗಿ ಮೊಳೆ ಬಡಿಯೋದು ಕಲಿತರು. ಆಮೇಲೆ ಕುಡುಗೋಲು, ಚಾಕು, ಬಡಗಿ ಸಾಮಾನು. ಸಮುರಾಯ್ ಇಲ್ಲ, ರಣರಂಗ ಇಲ್ಲ. ಹೊಟ್ಟೆಪಾಡಿಗೆ ಮೊಳೆ ಬಡಿದ ರೈತರು. ಈ ಕಥೆಗೆ ಮಾರ್ಕೆಟ್ಟಿಲ್ಲ ಅಷ್ಟೇ.

ಇನ್ನು ತಮಹಾಗನೆ. ಇದು ಸಂಗ್ರಹಕಾರರ ಗಾಯತ್ರಿ ಮಂತ್ರ. ಶಿಮಾನೆ ಕಡೆ ತತಾರ ಅನ್ನೋ ಮಣ್ಣಿನ ಕುಲುಮೆಯಲ್ಲಿ ಕಬ್ಬಿಣದ ಮರಳು ಮತ್ತು ಇದ್ದಿಲನ್ನ ಮೂರು ಹಗಲು ಮೂರು ರಾತ್ರಿ ಬಿಡದೆ ಸುರಿದು ಸುಟ್ಟು ತೆಗೆಯೋ ಉಕ್ಕು. ಒಂದು ಸಲಕ್ಕೆ ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಹಾಕಿದರೆ ಕೊನೆಗೆ ಸಿಗೋ ಗಟ್ಟಿ 2.5 ಟನ್ನಿನ ಆಸುಪಾಸು. ಅದರಲ್ಲೂ ಒಳ್ಳೇ ತಮಹಾಗನೆ ಒಂದು ಭಾಗ ಮಾತ್ರ. ಕುಲುಮೆ ಒಡೆದು ತೆಗೀಬೇಕು, ಮತ್ತೆ ಕಟ್ಟಬೇಕು. ಎರಡನೇ ಮಹಾಯುದ್ಧದ ನಂತರ ಇದು ನಿಂತೇ ಹೋಗಿತ್ತು. ಖಡ್ಗ ಕಲೆಯ ಸಂರಕ್ಷಣೆಗೆ ಅಂತ ಇರೋ ಸಂಸ್ಥೆಯೊಂದು 1977ರಲ್ಲಿ ಒಕುಯಿಜುಮೋದಲ್ಲಿ ಮತ್ತೆ ಹಚ್ಚಿತು. ಹಚ್ಚಬೇಕು ಅಂತ ತೀರ್ಮಾನ ಮಾಡಿ ಹಚ್ಚಿದರು ಅನ್ನೋದು ದೊಡ್ಡ ಮಾತು. ನಮ್ಮ ಕಡೆ ನೋಡಿ, ವೂಟ್ಸ್ ಅಂತ ಪ್ರಪಂಚವೆಲ್ಲ ಕರೆಯೋ ಉಕ್ಕಿನ ಹೆಸರು ಕನ್ನಡದ 'ಉಕ್ಕು' ಪದದಿಂದಲೇ ಬಂದಿದ್ದು ಅಂತ ಬಹಳ ಜನ ವಿದ್ವಾಂಸರು ಹೇಳ್ತಾರೆ. 1800ರ ಹೊತ್ತಿಗೆ ಮೈಸೂರು ಸೀಮೆ ಸುತ್ತಿದ ಬುಕನನ್ ಇಲ್ಲಿ ಉಕ್ಕು ಮಾಡೋದನ್ನ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಪದ ಉಳೀತು, ಕುಲುಮೆ ಆರಿತು. ಇರ್ಲಿ ಬಿಡಿ, ಅದು ಇನ್ನೊಂದು ದಿನದ ಗೋಳು.

ತಮಹಾಗನೆ ಬಗ್ಗೆ ನನಗೆ ಗೌರವ ಇದೆ. ನನ್ನ ತಕರಾರು ಬೇರೆ. ತಮಹಾಗನೆಯ ಕತ್ತಿಯೇ ಶ್ರೇಷ್ಠ, ಉಳಿದದ್ದು ಕಸ ಅನ್ನೋ ಮಾತು ಸುಳ್ಳು. ಕ್ಷೌರದ ಕತ್ತಿ ವಿಷಯದಲ್ಲಿ ಎಲ್ಲರೂ ತಲೆಬಾಗೋ ಹೆಸರು ಸಾಂಜೋದ ಇವಾಸಾಕಿ ಕೋಸುಕೆಯದ್ದು. ಟೋಕಿಯೋದಲ್ಲಿ ಲೋಹಶಾಸ್ತ್ರ ಓದಿ, ಜಪಾನಿ ಖಡ್ಗಗಳ ಉಕ್ಕಿನ ಮೇಲೆ ಸಂಶೋಧನೆ ಮಾಡಿ, ಆ ವಿದ್ಯೆಯನ್ನ ಕ್ಷೌರದ ಕತ್ತಿಗೆ ತಂದವನು. ಅವನ ಮಗ ಶಿಗೆಯೋಶಿ, ಅವರ ಕುಲುಮೆಯಲ್ಲೇ ಕಲಿತ ಮಿಝುಓಚಿ, ಇವರೂ ಅದೇ ದಾರಿಯವರು. ತಮಹಾಗನೆಯನ್ನ ಇಷ್ಟು ಆಳವಾಗಿ ಬಲ್ಲ ಈ ಮನೆಯವರೇ ಸ್ವೀಡನ್ ಉಕ್ಕಿನಲ್ಲೂ ಕತ್ತಿ ಮಾಡಿದರು. ಗಂಧಕ, ರಂಜಕದ ಕಲ್ಮಶ ಕಡಿಮೆ ಇರೋ ಶುದ್ಧ ಉಕ್ಕು ಅದು, ಪ್ರತಿ ಸಲ ಒಂದೇ ಗುಣ. ಕಮ್ಮಾರನಿಗೆ ಬೇಕಾಗಿದ್ದು ಹರಿತ ನಿಲ್ಲೋ ಅಲಗು, ಕಥೆಯಲ್ಲ. ಕಥೆ ಬೇಕಾಗಿರೋದು ಕೊಳ್ಳೋವ್ರಿಗೆ.

ನನಗೂ ಬೇಕಿತ್ತು. ಮೂರು ವರ್ಷದ ಹಿಂದೆ 'ಸಮುರಾಯ್ ಉಕ್ಕಿನ ಕಮಿಸೋರಿ' ಅಂತ ಒಬ್ಬ ಮಾರಾಟಗಾರನಿಂದ 380 ಯೂರೋ ಕೊಟ್ಟು ತರಿಸಿದೆ. ಪೌಲೋನಿಯಾ ಮರದ ಪೆಟ್ಟಿಗೆ, ರೇಷ್ಮೆ ಬಟ್ಟೆ, ಕೈಬರಹದ ಚೀಟಿ. ಪೂಜೆ ಸಾಮಾನಿನ ಹಾಗೆ ಬಿಚ್ಚಿದೆ. ಸಾವಿರದ ಕಲ್ಲು ಮುಗಿಸಿ, ಐದು ಸಾವಿರದ ಕಲ್ಲಿನ ಮೇಲೆ ಎಳೆಯೋವಾಗ ಕೈಗೆ ಏನೋ ತಡೆದ ಹಾಗಾಯ್ತು. ಭೂತಗನ್ನಡಿ ಇಟ್ಟು ನೋಡಿದರೆ ಅಲಗಿನಿಂದ ಬೆನ್ನಿನ ಕಡೆಗೆ ಕೂದಲಿನಷ್ಟು ಸಣ್ಣ ಬಿರುಕು. ಅಂಥ ಕತ್ತಿಯನ್ನ ಯಾವತ್ತೂ ಮುಖಕ್ಕೆ ಹಚ್ಚೋ ಹಾಗಿಲ್ಲ, ಸತ್ತುಹೋದ ಕತ್ತಿ. ಮಾರಿದವನಿಗೆ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: ನಾವು ಇದನ್ನ ಸಂಗ್ರಹದ ವಸ್ತುವಾಗಿ ಮಾರಿದ್ದೇವೆ, ಬಳಸಲಿಕ್ಕೆ ಅಲ್ಲ.

ಆ ಉತ್ತರ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸ್ತು, ಆ ಮನುಷ್ಯ ಸುಳ್ಳೇನೂ ಹೇಳಿಲ್ಲ. ನಮ್ಮ ಇಡೀ ಪ್ರಪಂಚ ನಡೀತಿರೋದೇ ಆ ವಾಕ್ಯದ ಮೇಲೆ. ಎಷ್ಟೋ ಜನ ಮೂವತ್ತು, ನಲವತ್ತು ಕತ್ತಿ ಇಟ್ಟುಕೊಂಡವರು ಒಂದನ್ನೂ ಕಲ್ಲಿಗೆ ಹಚ್ಚಿರೋದಿಲ್ಲ. ಎಣ್ಣೆ ಸವರಿ, ಬೆಳಕು ಬಿಟ್ಟು ಫೋಟೋ ತೆಗೆದು, ಮತ್ತೆ ಪೆಟ್ಟಿಗೆಗೆ. ಮಸೆದರೆ ಬೆಲೆ ಬಿದ್ದುಹೋಗುತ್ತೆ ಅನ್ನೋ ಭಯ. ಮಸೆಯೋಕೆ ಅಂತಲೇ ಒಬ್ಬ ಕಮ್ಮಾರ ಮೆತ್ತನೆ ಕಬ್ಬಿಣಕ್ಕೆ ಗಡಸು ಉಕ್ಕು ಬೆಸೆದು ಕೊಟ್ಟಿದ್ದಾನೆ, ನಾವು ಮಸೆಯೋದೇ ಪಾಪ ಅಂತೀವಿ!

ಇವೆಲ್ಲ ಮಾರ್ಕೆಟ್ಟಿಗೆ ಬರೋದು ಎಲ್ಲಿಂದ? ಹೆಚ್ಚಿನವು ಮುಚ್ಚಿಹೋದ ಕ್ಷೌರದಂಗಡಿಗಳಿಂದ, ತೀರಿಕೊಂಡ ಕ್ಷೌರಿಕರ ಮನೆಗಳಿಂದ. ಜಪಾನಿನಲ್ಲಿ ಕ್ಷೌರಿಕರಿಗೆ ಅಂತ 1947ರಿಂದ ಪ್ರತ್ಯೇಕ ಕಾಯಿದೆ ಇದೆ, ಲೈಸೆನ್ಸ್ ಬೇಕು. ಮುಖಕ್ಕೆ ಕತ್ತಿ ಹಿಡಿಯೋ ಹಕ್ಕು ಅವರದ್ದು. ಹೆಂಗಸರೂ ಮದುವೆಗೆ ಮುಂಚೆ ಹೋಗಿ ಮುಖದ ಸಣ್ಣ ಕೂದಲು ತೆಗೆಸಿಕೊಂಡು ಬರ್ತಾರೆ. ಆದ್ರೆ ಈಗ ಅವರ ಕೈಯಲ್ಲಿರೋದು ಬ್ಲೇಡ್ ಬದಲಾಯಿಸೋ ಕತ್ತಿ, ನಮ್ಮ ಸಲೂನುಗಳ ಹಾಗೇ. ಹಳೇ ಕಮಿಸೋರಿ ಡ್ರಾಯರಿನಲ್ಲಿ ಮಲಗಿರುತ್ತೆ. ಒಂದು ದಿನ ಮೊಮ್ಮಕ್ಕಳು ಅದನ್ನ ಗಂಟುಕಟ್ಟಿ ಹರಾಜಿಗೆ ಹಾಕ್ತಾರೆ. ಅಲ್ಲಿಂದ ನಮ್ಮ ಕಥೆಗಾರರು ಎತ್ತಿಕೊಂಡು ಬಂದು, ಕ್ಷೌರಿಕನನ್ನ ಒರೆಸಿ ತೆಗೆದು ಸಮುರಾಯ್‌ನನ್ನ ಕೂರಿಸ್ತಾರೆ.

ನನ್ನ ಸಿಟ್ಟು ಇರೋದು ಇಲ್ಲಿ. ಆ ಕತ್ತಿಯ ಬಗ್ಗೆ ನಾವು ಮಾಡಿದವನ ಹೆಸರು ಹೇಳ್ತೀವಿ, ಉಕ್ಕಿನ ಹೆಸರು ಹೇಳ್ತೀವಿ, ಕ್ಯೋಟೋ ಬೆಟ್ಟದ ನಕಾಯಾಮ ಸಾಣೆಕಲ್ಲಿನ ಹೆಸರು ಹೇಳ್ತೀವಿ. ಅದನ್ನ ಹಿಡಿದು ಮೂವತ್ತು ವರ್ಷ ಕೆಲಸ ಮಾಡಿದವನು ಎಲ್ಲೂ ಇಲ್ಲ. ಎದೋ ಕಾಲದಲ್ಲಿ ಕಮಿಯುಯಿ ಅಂತ ಇದ್ದರು, ತಲೆಗೂದಲ ಕೆಲಸದವರು. ಕೆಲವರದ್ದು ಅಂಗಡಿ. ಅಲ್ಲಿ ಹರಟೆಯೋ ಹರಟೆ, 1813ರಲ್ಲಿ ಶಿಕಿತೇ ಸಂಬ ಅನ್ನೋ ಲೇಖಕ ಅಂಥ ಒಂದು ಅಂಗಡಿಯನ್ನೇ ಇಟ್ಟುಕೊಂಡು ಉಕಿಯೋದೊಕೊ ಅನ್ನೋ ಹಾಸ್ಯದ ಪುಸ್ತಕ ಬರೆಯೋಕೆ ಶುರುಮಾಡಿದ. ಇನ್ನು ಕೆಲವರು ಸಾಮಾನಿನ ಪೆಟ್ಟಿಗೆ ಕೈಯಲ್ಲಿ ಹಿಡಿದು ಮನೆಮನೆಗೆ ಹೋಗ್ತಿದ್ದರು. ಪೆಟ್ಟಿಗೆ ಹಿಡಿದ ಆ ಮನುಷ್ಯನ ಚಿತ್ರವನ್ನ ಮೊದಲ ಸಲ ನೋಡಿದಾಗ ನನಗೆ ಜಪಾನ್ ನೆನಪಾಗಲಿಲ್ಲ. ತಿಪಟೂರು ಹತ್ತಿರದ ನಮ್ಮೂರು ನೆನಪಾಯ್ತು.

ನಮ್ಮ ತಾತನಿಗೆ ಕ್ಷೌರ ಮಾಡೋಕೆ ಬರ್ತಿದ್ದ ಅಜ್ಜ ಒಬ್ಬರಿದ್ದರು. ನಾನಾಗ ಆರೇಳು ವರ್ಷದವನು. ಬಗಲಲ್ಲಿ ತೊಗಲಿನ ಚೀಲ. ಬಂದವರು ಮುಂಬಾಗಿಲಿಗೆ ಬರ್ತಿರಲಿಲ್ಲ, ಸುತ್ತಿ ಹಿತ್ತಲಿಗೆ ಹೋಗಿ ಹುಣಸೆ ಮರದ ಕೆಳಗೆ ಕೂತುಕೊಳ್ತಿದ್ದರು. ತಾತ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂರೋವ್ರು. ಅಜ್ಜ ಸಣ್ಣ ಕಲ್ಲಿನ ಮೇಲೆ ನೀರು ಚಿಮುಕಿಸಿ ಕತ್ತಿ ಎಳೆದು, ಆಮೇಲೆ ಅಂಗೈ ಮೇಲೆ ಚಟ್ ಚಟ್ ಅಂತ ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಸವರೋವ್ರು. ಆ ಸದ್ದು ಈಗಲೂ ಕಿವಿಯಲ್ಲಿದೆ. ತಾತ ಕಣ್ಣು ಮುಚ್ಚಿ ಕತ್ತು ಒಡ್ಡಿ ಕೂತಿರೋವ್ರು. ಊರಲ್ಲಿ ಯಾರನ್ನೂ ನಂಬದ ಮನುಷ್ಯ ಅವರು! ಮುಗಿದ ಮೇಲೆ ತಾತ ನೇರ ಬಚ್ಚಲಿಗೆ, ತಲೆಗೆ ನೀರು ಹಾಕಿಕೊಳ್ಳೋ ತನಕ ನಮ್ಮನ್ನ ಮುಟ್ಟೋ ಹಾಗಿಲ್ಲ. ಅಜ್ಜ ಕೂತಿದ್ದ ಜಾಗಕ್ಕೆ ಅಜ್ಜಿ ನೀರು ಚೆಲ್ಲೋವ್ರು. ದುಡ್ಡು ಅಂತ ಇರಲಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಆಯ, ಇಷ್ಟು ಅಂತ ರಾಗಿ. ಆ ಜಾತಿಯ ಹೆಸರನ್ನ ನಾವು ಹುಡುಗರು ಆಟದಲ್ಲಿ ಬೈಗುಳವಾಗಿ ಬಳಸ್ತಿದ್ವಿ. ಯಾರೂ ತಪ್ಪು ಅಂತ ಹೇಳಿಕೊಡಲಿಲ್ಲ.

ಅಪ್ಪ ಕೇಳಿದ "ಮನೆಯೊಳಗೇ ಇಟ್ಕೊಂಡಿದ್ದೀಯಾ?" ಅನ್ನೋ ಪ್ರಶ್ನೆ ಬಂದಿದ್ದು ಈ ಹಿತ್ತಲಿಂದ. ಅಪ್ಪ ಕೆಟ್ಟವರಲ್ಲ, ಜಾತಿ ಮಾತಾಡೋವ್ರೂ ಅಲ್ಲ. ಆದ್ರೆ ಕ್ಷೌರದ ಕತ್ತಿ ಅಂದ ಕೂಡಲೇ ಅವರ ಬಾಯಿಂದ ತಾನಾಗಿ ಬಂದ ಮಾತು ಅದು. ಜಪಾನಿನದ್ದು, 380 ಯೂರೋದ್ದು ಅಂದ ಮೇಲೆ "ಓ, ಆ್ಯಂಟಿಕ್ಕಾ" ಅಂತ ಸಮಾಧಾನ ಆದರು. ಸಮುರಾಯ್ ಬಂದು ಮೈಲಿಗೆ ತೆಗೆದ!

ಇದರ ಬಗ್ಗೆ ಓದ್ತಾ ಹೋದರೆ ಇನ್ನೊಂದು ವಿಷಯ ಸಿಗುತ್ತೆ. ಕ್ಷೌರದ ಕತ್ತಿ ಜಪಾನಿಗೆ ಹೋಗಿದ್ದು ಬೌದ್ಧ ಧರ್ಮದ ಜೊತೆ ಅಂತಾರೆ, ತಲೆ ಬೋಳಿಸಿ ಸನ್ಯಾಸ ಕೊಡೋಕೆ. ಬೌದ್ಧ ಭಿಕ್ಷು ಇಟ್ಟುಕೊಳ್ಳಬಹುದಾದ ಎಂಟೇ ಎಂಟು ಸಾಮಾನಿನಲ್ಲಿ ಕ್ಷೌರದ ಕತ್ತಿಯೂ ಒಂದು. ಬುದ್ಧನ ಕಾಲದಲ್ಲಿ ಶಾಕ್ಯ ರಾಜಕುಮಾರರು ದೀಕ್ಷೆ ತಗೊಳ್ಳೋಕೆ ಬಂದಾಗ ಅವರ ಜೊತೆ ಅವರ ಕ್ಷೌರಿಕ ಉಪಾಲಿಯೂ ಇದ್ದ. ನಮಗೆ ಹುಟ್ಟಿನ ಅಹಂಕಾರ ಜಾಸ್ತಿ, ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಆಗ ನಾವು ಅವನಿಗೆ ನಮಸ್ಕರಿಸಬೇಕಾಗುತ್ತೆ ಅಂತ ರಾಜಕುಮಾರರೇ ಕೇಳಿಕೊಂಡರು. ಮುಂದೆ ಬುದ್ಧ ತೀರಿಕೊಂಡ ಮೇಲೆ ರಾಜಗೃಹದ ಸಭೆಯಲ್ಲಿ ಇಡೀ ವಿನಯವನ್ನ ಹೇಳಿದವನು ಇದೇ ಉಪಾಲಿ. ನಮ್ಮಲ್ಲೂ ಹನ್ನೆರಡನೇ ಶತಮಾನದಲ್ಲಿ ಬಸವಣ್ಣನ ಪಕ್ಕದಲ್ಲೇ ಹಡಪದ ಅಪ್ಪಣ್ಣ ಇದ್ದರು. ಎರಡೂ ಕಥೆ ನಮಗೆ ಗೊತ್ತು. ಆದ್ರೂ ಹುಣಸೆ ಮರದ ಕೆಳಗೆ ನೀರು ಚೆಲ್ಲೋದು ನಿಲ್ಲಲಿಲ್ಲ.

ಹೋದ ಸಲ ಊರಿಗೆ ಹೋದಾಗ ಆ ಅಜ್ಜನ ಮಗನ್ನ ಹುಡುಕಿಕೊಂಡು ಹೋದೆ. ಅಜ್ಜ ತೀರಿಕೊಂಡು ಹದಿನೈದು ವರ್ಷದ ಮೇಲಾಯ್ತಂತೆ. ಮಗನಿಗೆ ಈಗ ಐವತ್ತರ ಮೇಲೆ, ತಿಪಟೂರಲ್ಲಿ ಎರಡು ಕುರ್ಚಿಯ ಸಲೂನು. ನಿಜ ಹೇಳಬೇಕಂದ್ರೆ ನನ್ನ ತಲೆಯಲ್ಲಿ ಒಂದು ಲೆಕ್ಕಾಚಾರ ಇತ್ತು. ಅಜ್ಜನ ಕತ್ತಿ ಇದ್ದರೆ ಒಳ್ಳೇ ದುಡ್ಡು ಕೊಟ್ಟು ತಗೊಂಡುಬಿಡೋಣ ಅಂತ. ಸಂಗ್ರಹಕಾರನ ಬುದ್ಧಿ.

"ಅಣ್ಣಾ, ನಿಮ್ಮಪ್ಪನ ಹಳೇ ಕತ್ತಿ ಏನಾದ್ರೂ ಇದೆಯಾ?"

ಡ್ರಾಯರಿಂದ ಬಟ್ಟೆ ಗಂಟು ತೆಗೆದು ಬಿಚ್ಚಿದರು. ಮಡಚೋ ಕತ್ತಿ. ಮಸೆದೂ ಮಸೆದೂ ಅಲಗು ಅರ್ಧಕ್ಕೆ ಬಂದಿತ್ತು. ಬುಡದ ಹತ್ತಿರ ಅಕ್ಷರ ಕಾಣ್ತಾ ಇತ್ತು, ಬೆಳಕಿಗೆ ಹಿಡಿದು ಓದಿದೆ. ಜೋಲಿಂಗೆನ್! ನಾನು ವಾರಾಂತ್ಯ ರೈಲು ಹತ್ತಿ ಹೋಗೋ ಊರು. ನಮ್ಮ ಹಿತ್ತಲಿಗೆ ನನ್ನ ತಾತನ ಕಾಲದಲ್ಲೇ ಜರ್ಮನಿ ಬಂದು ಕೂತಿತ್ತು, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಷ್ಟಕ್ಕೆ ಕೊಡ್ತೀರಿ ಅಂತ ಕೇಳೇ ಬಿಟ್ಟೆ. ಅವರು ನಕ್ಕರು. "ಇದು ಮಾರೋ ಸಾಮಾನಲ್ಲಪ್ಪ. ಅದ್ಸರಿ, ನೀನಿದನ್ನ ತಗೊಂಡೋಗಿ ಏನ್ ಮಾಡ್ತೀಯ?"

ನನ್ನ ಸಂಗ್ರಹದ ಫೋಟೋಗಳನ್ನ ಮೊಬೈಲಿನಲ್ಲಿ ತೋರಿಸಿದೆ. ಎಂಟು ಕಮಿಸೋರಿ ಸಾಲಾಗಿ. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ, ಒಂದೊಂದನ್ನೇ ನೋಡಿದರು. ನಾನು ಉತ್ಸಾಹದಲ್ಲಿ ಯಾವುದು ಯಾವ ಕಮ್ಮಾರನದ್ದು, ಯಾವ ಉಕ್ಕು, ಎಲ್ಲ ಹೇಳ್ತಾ ಹೋದೆ. ಅವರು ಎಲ್ಲ ಕೇಳಿಸಿಕೊಂಡು, "ಇದ್ರಲ್ಲಿ ಕೆಲ್ಸ ಮಾಡ್ದೋರು ಯಾರು?" ಅಂದರು.

ಗೊತ್ತಿಲ್ಲ ಅಂದೆ.

"ಎಂಟರಲ್ಲಿ ಒಂದೂ ಗೊತ್ತಿಲ್ವಾ?"

ಇಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿಟ್ಟೇನೂ ಇಲ್ಲದ ದನಿಯಲ್ಲೇ ಹೇಳಿದರು: "ನಮ್ಮಪ್ಪನ್ನ ನಿಮ್ಮನೆ ಹಿತ್ತಲಲ್ಲಿ ಕೂರಿಸ್ತಿದ್ರಿ. ಕತ್ತಿನ ಮಾತ್ರ ಹಾಲಲ್ಲಿ ಇಡ್ತೀಯಾ?"

ಉತ್ತರ ಕೊಡೋಕೆ ಬಾಯಿ ತೆರೆದೆ, ಮಾತು ಬರಲಿಲ್ಲ. ಅವರೇ ಕುರ್ಚಿ ಒರೆಸಿ "ಬಾ ಕೂತ್ಕೋ, ಗಡ್ಡ ಬಂದೈತೆ" ಅಂದರು. ಹಿಡಿಕೆಗೆ ಹೊಸ ಅರ್ಧ ಬ್ಲೇಡು ಸಿಕ್ಕಿಸಿ ಮಾಡಿದರು. ಎಡಗೆನ್ನೆಯಲ್ಲಿ ನನ್ನ ಕೈಗೆ ಎಂದೂ ದಕ್ಕದ ಒಂದು ಜಾಗ ಇದೆ, ಕೂದಲು ಸುಳಿ ತಿರುಗಿರೋ ಜಾಗ. ಅವರು ಬೆರಳಿಂದ ಒಂದ್ಸಲ ಸವರಿ ನೋಡಿ, ಎರಡೇ ಎಳೆತದಲ್ಲಿ ಮುಗಿಸಿದರು. ಜಪಾನ್ ಉಕ್ಕಿಲ್ಲ, ನಕಾಯಾಮ ಕಲ್ಲಿಲ್ಲ, ರೂಪಾಯಿ ಲೆಕ್ಕದ ಬ್ಲೇಡು.

ಸಂಗ್ರಹ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಸಂಗ್ರಹಕಾರರು ಇಲ್ಲದಿದ್ದರೆ ಎಷ್ಟೋ ಕತ್ತಿಗಳು ತುಕ್ಕು ಹಿಡಿದು ಗುಜರಿ ಸೇರ್ತಿದ್ದವು, ಒಪ್ಪುತ್ತೀನಿ. ಆದ್ರೆ "ನಾವು ಕಲೆ ಉಳಿಸ್ತಿದೀವಿ" ಅನ್ನೋ ಮಾತು ಬಂದಾಗ ಮಾತ್ರ ನನಗೆ ತಡೆಯೋಕಾಗಲ್ಲ. ಸತ್ತವರ ಡ್ರಾಯರಿಂದ ಬಂದ ಹಳೇ ಕತ್ತಿಗೆ ನಾವು ಸಾವಿರ ಯೂರೋ ಕೊಟ್ಟರೂ ಇವತ್ತು ಕುಲುಮೆ ಮುಂದೆ ಕೂತಿರೋ ಕಮ್ಮಾರನಿಗೆ ಒಂದು ಪೈಸೆ ಸೇರಲ್ಲ. ಉಳಿಸಬೇಕು ಅನ್ನೋ ಆಸೆ ಇದ್ದರೆ, ಇವತ್ತು ಬದುಕಿ ಕೆಲಸ ಮಾಡ್ತಿರೋ ಕಮ್ಮಾರನಿಂದ ಒಂದು ಕೊಳ್ಳಿ. ಸಾಂಜೋ ಇದೆ, ಹ್ಯೋಗೋದ ಓನೋ ಇದೆ. ಕೊಂಡು ಬಳಸಿ. ಅಲಗು ಮಂಕಾದಾಗ ಕಲ್ಲಿಗೆ ಹಚ್ಚಿ. ಮೊದಲ ಹತ್ತು ಸಲ ಕೆಡಿಸ್ತೀರಿ, ನಾನೂ ಕೆಡಿಸಿದೀನಿ, ಗಲ್ಲದ ಮೇಲೆ ಗುರುತಿದೆ. ಬೆನ್ನು ಮತ್ತು ಅಲಗು ಎರಡೂ ಕಲ್ಲಿಗೆ ಕೂತಿರಬೇಕು, ಒತ್ತಬಾರದು, ನೀರು ಆರಬಾರದು. ಸಾವಿರದ ಕಲ್ಲು, ಐದು ಸಾವಿರ, ಎಂಟು ಸಾವಿರ, ಹನ್ನೆರಡು ಸಾವಿರ. ಬೆಟ್ಟದಿಂದ ಕಡಿದ ಕಲ್ಲೇ ಬೇಕು ಅಂತೇನಿಲ್ಲ, ಕಾರ್ಖಾನೆ ಕಲ್ಲೇ ಧಾರಾಳ ಸಾಕು. ಆಮೇಲೆ ತೊಗಲ ಪಟ್ಟಿ. ಗೊತ್ತಿಲ್ಲದ ಕಮ್ಮಾರನ 40-50 ಯೂರೋದ ಹಳೇ ಕತ್ತಿಯೂ ಸರಿಯಾಗಿ ಮಸೆದರೆ ನೂರು ಕಥೆಯ ಕತ್ತಿಗಿಂತ ಚೆನ್ನಾಗಿ ಬೋಳಿಸುತ್ತೆ. ನನ್ನ ಒಂಬತ್ತರಲ್ಲಿ ದಿನಾ ಕೈಗೆ ಬರೋದು ಅಂಥದ್ದೇ ಒಂದು, ಅದರ ಬಾಲಕ್ಕೆ ಸುತ್ತಿದ ಬೆತ್ತ ಹೆಬ್ಬೆರಳಿನ ಜಾಗದಲ್ಲಿ ಸವೆದು ನುಣುಪಾಗಿದೆ. ಯಾರದ್ದೋ ಹೆಬ್ಬೆರಳು. ಮೊದಲು ಅದನ್ನ ದೋಷ ಅಂತ ಬರೆದಿಟ್ಟಿದ್ದೆ, ನನ್ನ ಪಟ್ಟಿಯಲ್ಲಿ.

ಬಿರುಕು ಬಿಟ್ಟ ಸಮುರಾಯ್‌ನನ್ನ ಪೌಲೋನಿಯಾ ಪೆಟ್ಟಿಗೆಯಿಂದ ತೆಗೆದಿದೀನಿ. ಪಾರ್ಸಲ್ ಟೇಪು ಕೊಯ್ಯೋಕೆ ಚೆನ್ನಾಗಿದೆ :)

ಇನ್ನೊಂದು ವಿಷಯ. ಸಲೂನಿಂದ ಹೊರಡೋವಾಗ ಅಣ್ಣ ಆ ಜೋಲಿಂಗೆನ್ ಕತ್ತಿಯನ್ನ ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ ಕೇಳಿದರು, "ನಿನಗೆ ಮಸೆಯೋಕೆ ಬರುತ್ತೆ ಅಂದ್ಯಲ್ಲ, ಇದರ ಬಾಯಿ ಒಂದ್ಸಲ ಸರಿ ಮಾಡ್ಕೊಡ್ತೀಯಾ? ನನ್ನ ಕೈಲಿ ಆಗಲ್ಲ, ಕಲಿಯೋ ವಯಸ್ಸಲ್ಲಿ ಬ್ಲೇಡ್ ಬಂದ್ಬಿಡ್ತು." ಡಿಸೆಂಬರಿನಲ್ಲಿ ಊರಿಗೆ ಹೋಗೋದಿದೆ. ಎರಡು ಕಲ್ಲು, ಒಂದು ತೊಗಲ ಪಟ್ಟಿ ಲಗೇಜಿಗೆ ಹಾಕಿ ತೂಕ ನೋಡಿದೆ, ಹೆಚ್ಚುಕಮ್ಮಿ ಮೂರು ಕಿಲೋ. ಅಮ್ಮನಿಗೆ ತರ್ತೀನಿ ಅಂದಿದ್ದ ಚಾಕೊಲೇಟಿನಲ್ಲಿ ಕಡಿಮೆ ಮಾಡಬೇಕು. ಇನ್ನೂ ಹೇಳಿಲ್ಲ.